ಇಳಿಯುವ ವಿದ್ಯೆ

ಮಂಡಿನೋವಿನವರಿಗೆ ನಮ್ಮ ಮದುವೆಮನೆಗಳಲ್ಲಿ ಒಂದು ವಿಶೇಷ ಸ್ಥಾನವಿದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ಮೊದಲು ನಮ್ಮ ಕಾಲು ನೋಡುತ್ತಾರೆ, ಆಮೇಲೆ ಮುಖ. "ಚೆನ್ನಾಗಿದ್ದೀರಾ?" ಅನ್ನುವ ಜಾಗದಲ್ಲಿ "ಕಾಲು ಹೇಗಿದೆ?" ಅನ್ನುತ್ತಾರೆ. ಕೂರುವುದಕ್ಕೆ ಫ್ಯಾನಿನ ಕೆಳಗಿನ ಕುರ್ಚಿ, ಊಟಕ್ಕೆ ಮೊದಲನೇ ಪಂಕ್ತಿ, ಹೊರಡುವಾಗ ತಾಂಬೂಲದ ಚೀಲದ ಜೊತೆ ಒಂದು ಔಷಧಿಯ ಹೆಸರು. ಎಕ್ಕದ ಎಲೆ ಬಿಸಿಮಾಡಿ ಕಟ್ಟಿ, ಹುಣಸೆಬೀಜ ಹುರಿದು ಪುಡಿಮಾಡಿ ಹಾಲಿಗೆ ಬೆರೆಸಿ, ಮೆಂತ್ಯ ನೆನೆಸಿ ನುಂಗಿ, ಮಹಾನಾರಾಯಣ ತೈಲ ಹಚ್ಚಿ ಬಿಸಿನೀರು ಹುಯ್ದುಕೊಳ್ಳಿ. ಇಷ್ಟನ್ನೂ ಮಾಡಿದ್ದೇನೆ. ಎಕ್ಕದ ಎಲೆಯಿಂದ ಚರ್ಮ ಕೆಂಪಗಾಗಿದ್ದು ಬಿಟ್ಟರೆ ಯಾವುದರಿಂದಲೂ ನಷ್ಟವಾಗಲಿಲ್ಲ, ಲಾಭವೂ ಆಗಲಿಲ್ಲ. ಆದರೆ ಎಲ್ಲ ಸಲಹೆಗಳ ಬಾಲಕ್ಕೂ ಒಂದು ಮಾತು ತಪ್ಪದೆ ಅಂಟಿಕೊಂಡಿರುತ್ತಿತ್ತು: "ಮೆಟ್ಟಿಲು ಮಾತ್ರ ಹತ್ತಬೇಡಿ."

ಯಾರೂ "ಇಳಿಯಬೇಡಿ" ಅನ್ನಲಿಲ್ಲ. ಅದು ಮಂಡಿ ಕೆಟ್ಟವರಿಗೆ ಮಾತ್ರ ಗೊತ್ತಿರುವ ಗುಟ್ಟು. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಕ್ಕಪಕ್ಕದವರಿಗೂ ಕೇಳಿಸುತ್ತದೆ, ಅವರು ಅಯ್ಯೋ ಪಾಪ ಅನ್ನುತ್ತಾರೆ. ಇಳಿಯುವಾಗ ಸದ್ದೇ ಇರುವುದಿಲ್ಲ. ಮೆಟ್ಟಿಲಿನ ಅಂಚಿಗೆ ಬಂದು ಒಂದು ಕಾಲನ್ನು ಕೆಳಕ್ಕೆ ಬಿಟ್ಟ ಕ್ಷಣದಲ್ಲಿ, ಮೇಲೆ ಉಳಿದ ಮಂಡಿ ಕೈಕೊಡುತ್ತದೆ. ಆ ಭಯಕ್ಕೇ ಎಷ್ಟೋ ಜನ ಹತ್ತುವುದನ್ನೂ ಬಿಟ್ಟಿರುತ್ತಾರೆ. ಹತ್ತಿದವರು ಇಳಿಯಲೇಬೇಕಲ್ಲ.

ನನ್ನ ಕಥೆಯಲ್ಲಿ ರೋಚಕವಾದದ್ದೇನೂ ಇಲ್ಲ. ಮಳೆ ನಿಂತ ರಸ್ತೆ, ಮರಳು, ಸ್ಕೂಟರು. ಬಲಮಂಡಿಯ ಕೆಳಗೇ ಮೂಳೆ ಒಡೆದು, ಪ್ಲೇಟು ಸ್ಕ್ರೂ ಹಾಕಿ, ತಿಂಗಳುಗಟ್ಟಲೆ ಹಾಸಿಗೆ. ಮೂಳೆ ಕೂಡಿಕೊಂಡಿತು, ಎಕ್ಸ್‌ರೇ ನೋಡಿದ ಡಾಕ್ಟರು ಸಂತೋಷಪಟ್ಟರು. ಮೂಳೆಯ ಸುತ್ತಲಿದ್ದ ನಾನು ಮಾತ್ರ ಮೊದಲಿನಂತಾಗಲಿಲ್ಲ. ಬ್ರೇಸು ಬಿಚ್ಚಿದ ದಿನ ಬಲತೊಡೆ ಎಡತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿತ್ತು. ಕೆಲಸವಿಲ್ಲದ ಸ್ನಾಯು ಒಂದೆರಡು ವಾರದಲ್ಲೇ ಕರಗಲು ಶುರುವಾಗುತ್ತದಂತೆ. ಮತ್ತೆ ಕಟ್ಟಬೇಕಾದರೆ ತಿಂಗಳುಗಳು ಬೇಕು. ಒಮ್ಮೆ ಒಡೆದ ಕೀಲಿಗೆ ಸಂಧಿವಾತವೂ ಬೇಗ ಹತ್ತಿಕೊಳ್ಳುತ್ತದೆ. ನನಗೂ ಹತ್ತಿಕೊಂಡಿತು. "ಮಂಡಿ ಸವೆದಿದೆ" ಎಂದರು.

ಸವೆದಿದೆ ಅಂದಮೇಲೆ ಮುಗಿಯಿತು. ಹವಾಯಿ ಚಪ್ಪಲಿಯ ಹಿಮ್ಮಡಿ ಸವೆದರೆ ನಾವೇನು ಮಾಡುತ್ತೇವೆ? ಪೇಟೆಗೆ ಹಾಕಿಕೊಂಡು ಹೋಗುವುದನ್ನು ನಿಲ್ಲಿಸಿ ಹಿತ್ತಲಿಗೆ ಇಟ್ಟುಕೊಳ್ಳುತ್ತೇವೆ. ನನ್ನ ಮಂಡಿಗೂ ಮನೆಯವರೆಲ್ಲ ಸೇರಿ ಅದೇ ನ್ಯಾಯ ಮಾಡಿದರು. ಮಂಡಿಯ ಮೆದುಮೂಳೆಗೆ ರಕ್ತನಾಳಗಳೇ ಇಲ್ಲ, ಭಾರ ಬಿದ್ದು ಭಾರ ತೆಗೆದಾಗ ಕೀಲಿನ ದ್ರವ ಒಳಗೆ ಹೊರಗೆ ಓಡಾಡುವುದರಿಂದಲೇ ಅದಕ್ಕೆ ಆಹಾರ ಸಿಗುತ್ತದೆ, ಕೂತೇ ಇದ್ದರೆ ಅದು ಉಪವಾಸ ಬೀಳುತ್ತದೆ ಅನ್ನುವುದು ಆಗ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಯಜಮಾನರಂತೂ ನಾನು ಎದ್ದರೆ ಸಾಕು, "ಕೂತ್ಕೋ, ನಾನು ತರ್ತೀನಿ" ಅನ್ನುತ್ತಿದ್ದರು. ಎಷ್ಟೋ ಹೆಂಗಸರು ಇಂಥ ಗಂಡ ಸಿಗಲಿ ಅಂತ ಹರಕೆ ಹೊರುತ್ತಾರೆ. ನಾನು ಕೂತೆ. ವರ್ಷಗಳೇ ಕಳೆದವು.

ಓಡಾಟ ಕಡಿಮೆಯಾದವರ ಲೋಕ ಒಂದೇ ಸಲ ಚಿಕ್ಕದಾಗುವುದಿಲ್ಲ, ಒಂದೊಂದೇ ಜಾಗ ಬಿಟ್ಟುಹೋಗುತ್ತದೆ. ಮೊದಲು ನೆಲ ಹೋಯಿತು. ಚಕ್ಕಳಮಕ್ಕಳ ಹಾಕಿ ಕೂರುವುದು, ದೇವರ ಮುಂದೆ ಮಣೆಯ ಮೇಲೆ ಕೂರುವುದು, ಮೊಮ್ಮಕ್ಕಳ ಜೊತೆ ಚೌಕಾಬಾರ ಆಡುವುದು. ಆಮೇಲೆ ತಾರಸಿ ಹೋಯಿತು. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಇಡುತ್ತಿದ್ದ ನಮ್ಮ ಮನೆಯ ತಾರಸಿಯಲ್ಲಿ ಯಾವ ಗಿಡದ ಕುಂಡ ಎಲ್ಲಿದೆ ಅನ್ನುವುದೇ ಮರೆತುಹೋಯಿತು. ಆಮೇಲೆ ಸಿಟಿ ಬಸ್ಸು. ಹತ್ತುವುದು ಹೇಗೋ ಆಗುತ್ತಿತ್ತು, ಕಂಬಿ ಹಿಡಿದು ಎಳೆದುಕೊಂಡರೆ ಆಯಿತು. ಇಳಿಯುವಾಗ ಕಂಡಕ್ಟರು "ಬೇಗ ಇಳೀರಮ್ಮ" ಅನ್ನುವಷ್ಟರಲ್ಲಿ ಬೆವರು. ಇಂಡಿಯನ್ ಶೈಲಿಯ ಶೌಚಾಲಯ ಇರುವ ನೆಂಟರ ಮನೆಗಳು ಹೋದವು, ಅವರ ಜೊತೆ ಆ ಊರುಗಳೂ ಹೋದವು. ಕೊನೆಗೆ ಬ್ಯಾಂಕಿನ ಕುರ್ಚಿ, ಕಾರಿನ ಸೀಟು, ಮನೆಯ ಸೋಫಾ, ಈ ಮೂರರ ನಡುವಿನ ಓಡಾಟವೇ ನನ್ನ ಭೂಗೋಳವಾಯಿತು. ನಿವೃತ್ತಿಯಾದ ಮೇಲೆ ಬ್ಯಾಂಕಿನ ಕುರ್ಚಿಯೂ ಉಳಿಯಲಿಲ್ಲ.

ಆ ಕಾಲದಲ್ಲೇ ಒಮ್ಮೆ ಅಣ್ಣನ ಮನೆಯವರ ಜೊತೆ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ ಹತ್ತಬೇಕು. ನಾನು ಕೆಳಗೇ ಕೂರುತ್ತೇನೆ ಅಂದೆ. ಅಣ್ಣ ಕೇಳಲಿಲ್ಲ, ಡೋಲಿ ಗೊತ್ತು ಮಾಡಿದ. ಹೊರುವವರು ಬಂದು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಬ್ಯಾಂಕಿನಲ್ಲಿ ಚಿನ್ನ ಅಡವಿಡಲು ಬಂದವರ ಒಡವೆಯನ್ನು ನಾನು ಅಷ್ಟು ವರ್ಷ ನೋಡಿದ ನೋಟವೇ ಅದು. ತೂಕ ಅಂದಾಜು ಮಾಡಿದರು ಅಂತ ತಕ್ಷಣ ಗೊತ್ತಾಯಿತು. ಮೇಲೆ ಹೋದೆ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ, ಐವತ್ತೇಳು ಐವತ್ತೆಂಟು ಅಡಿಯ ಆಳು, ಸಾವಿರ ವರ್ಷದಿಂದ ಒಂದೇ ಸಮನೆ ನಿಂತಿದ್ದಾನೆ. ನಿಲ್ಲುವುದರಲ್ಲಿ ನನಗೂ ಅವನಿಗೂ ಇರುವ ಅಂತರ ನೆನೆದು ಕೈಮುಗಿದೆ.

ನನಗೆ ನೆನಪಿರುವುದು ಇಳಿದದ್ದು. ಡೋಲಿಯಲ್ಲಿ ಕೂತವರಿಗೆ ಇಳಿಯುವಾಗ ಮುಂದಿನವರ ಕಾಲು ಚೆನ್ನಾಗಿ ಕಾಣುತ್ತದೆ. ಸಣಕಲು ಮನುಷ್ಯರು, ಒಬ್ಬರಿಗೂ ಹೇಳಿಕೊಳ್ಳುವಂಥ ಮೈಕಟ್ಟಿಲ್ಲ. ಆದರೆ ಒಂದೊಂದು ಮೆಟ್ಟಿಲಿಗೂ ಮಂಡಿಯನ್ನು ಸ್ವಲ್ಪ ಮಡಿಸಿಯೇ ಇಟ್ಟುಕೊಂಡು, ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಸದ್ದಿಲ್ಲದೆ ಊರುತ್ತಿದ್ದರು. ಎಲ್ಲೂ ಧಡಕ್ಕೆಂದು ಕಾಲು ಹಾಕಲಿಲ್ಲ. ನನ್ನ ಭಾರ, ಬಿದಿರಿನ ಭಾರ, ಅವರ ಭಾರ, ಎಲ್ಲವನ್ನೂ ತೊಡೆಯ ಮುಂಭಾಗದ ಒಂದು ಮಾಂಸಖಂಡ ಹಿಡಿದು ಹಿಡಿದು ಕೆಳಗಿಳಿಸುತ್ತಿತ್ತು. ಅದು ಬಿಗಿಯುವುದು ಸಡಿಲಾಗುವುದು ಬೆವರಿನಲ್ಲಿ ಹೊಳೆಯುತ್ತ ಕಾಣುತ್ತಿತ್ತು.

ನಿವೃತ್ತಿಯಾದ ಮೇಲಿನ ಒಂದು ದೀಪಾವಳಿಗೆ ಅಣ್ಣನ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ, ಶನಿವಾರ ಭಾನುವಾರ ಬಂತೆಂದರೆ ಯಾವುದಾದರೂ ಬೆಟ್ಟ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತಮಾಷೆಗೆ ಅಂದಳು: "ಅತ್ತೆ, ಮುಂದಿನ ಸಲ ತಡಿಯಂಡಮೋಳ್‌ಗೆ ನೀವೂ ಬನ್ನಿ." ಎಲ್ಲರೂ ನಕ್ಕರು. ಯಜಮಾನರು ಸ್ವಲ್ಪ ಹೆಚ್ಚೇ ನಕ್ಕರು. "ಬರ್ತೀನಿ" ಅಂದುಬಿಟ್ಟೆ. ದೊಡ್ಡ ದೊಡ್ಡ ಸಂಕಲ್ಪಗಳ ಹಿಂದೆ ಇಂಥ ಸಣ್ಣ ಸಿಟ್ಟೇ ಇರುತ್ತದೆಂದು ನನ್ನ ಗುಮಾನಿ.

ಮನೆ ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿದ್ದದ್ದು ಹಾಸನದ ಕಡೆಯ ಒಬ್ಬಳು ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. "ಏನಾಗಬೇಕು ಆಂಟಿ?" ಅಂದಳು. ಬೆಟ್ಟ ಹತ್ತಬೇಕು ಅಂದೆ. ಅವಳು ನಗಲಿಲ್ಲ, ಅಷ್ಟಕ್ಕೇ ಅವಳ ಮೇಲೆ ಪ್ರೀತಿ ಬಂತು. ಗೋಡೆಗೆ ಒರಗಿಸಿದ್ದ ಕುರ್ಚಿ ತೋರಿಸಿ, ಕೈ ಊರದೆ ಕೂತು ಎದ್ದು ತೋರಿಸಿ ಅಂದಳು. ಕೂತೆ. ಏಳಲಾಗಲಿಲ್ಲ.

"ಹತ್ತೋದು ಆಮೇಲೆ ನೋಡೋಣ ಆಂಟಿ. ಮೊದಲು ಕೂತ್ಕೊಳ್ಳೋದು ಕಲೀರಿ."

"ಇಷ್ಟು ವರ್ಷದಿಂದ ಅದನ್ನೇ ಮಾಡ್ತಾ ಇದ್ದೀನಲ್ಲಮ್ಮ."

"ನೀವು ಕೂರೋದಿಲ್ಲ, ಬೀಳ್ತೀರಿ. ಕುರ್ಚಿ ಇನ್ನೂ ನಾಲ್ಕು ಬೆರಳು ದೂರ ಇದ್ದಾಗಲೇ ಕಾಲು ಬಿಟ್ಟುಬಿಡ್ತೀರಿ."

ನಿಜ. ಆ ನಾಲ್ಕು ಬೆರಳಿನ ಜಾಗದಲ್ಲಿ ನನ್ನ ಕಾಲುಗಳು ಇರಲೇ ಇಲ್ಲ. ಅವಳು ಹೇಳಿದ್ದನ್ನು ಆಮೇಲೆ ಓದಿಯೂ ತಿಳಿದುಕೊಂಡೆ. ಏಳುವಾಗ, ಹತ್ತುವಾಗ ತೊಡೆಯ ಸ್ನಾಯು ಚಿಕ್ಕದಾಗುತ್ತ ಎಳೆಯುತ್ತದೆ. ಕೂರುವಾಗ, ಇಳಿಯುವಾಗ ಅದೇ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು, ಬ್ರೇಕು ಹಾಕಿಕೊಂಡೇ ಸಡಿಲ ಬಿಡಬೇಕು. ಎರಡೂ ಬೇರೆ ಬೇರೆ ಕೆಲಸ. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಬೆಟ್ಟ ಹತ್ತಿ ಬಂದ ಮರುದಿನ ತೊಡೆ ಹಿಡಿದುಕೊಂಡು ಕೂರುತ್ತಾರಲ್ಲ, ಆ ನೋವು ಬಹುಮಟ್ಟಿಗೆ ಇಳಿದದ್ದರ ನೋವು. ಅದು ಆ ದಿನ ಬರದೆ ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಅದರಲ್ಲೊಂದು ಕರುಣೆಯೂ ಇದೆ: ಒಮ್ಮೆ ಹೀಗೆ ನೊಂದ ಸ್ನಾಯು ಸ್ವಲ್ಪ ದಿನ ಬಿಟ್ಟು ಅಷ್ಟೇ ಇಳಿದರೆ ಅಷ್ಟು ನೋಯುವುದಿಲ್ಲ.

ಬ್ಯಾಂಕಿನಲ್ಲಿದ್ದವಳಾದ್ದರಿಂದ ಅಂಕಿ ಕಂಡರೆ ನನಗೆ ನಂಬಿಕೆ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯ ಒಳಗೇ ಭಾರ ಅಳೆಯುವ ಸಾಧನ ಕೂರಿಸಿ, ಅದನ್ನು ಹಾಕಿಸಿಕೊಂಡವರನ್ನು ನಡೆಸಿ, ಹತ್ತಿಸಿ, ಇಳಿಸಿ 2010ರಲ್ಲಿ ಲೆಕ್ಕ ಕೊಟ್ಟರು. ಸಮತಟ್ಟಿನಲ್ಲಿ ನಡೆದರೆ ಮಂಡಿಯ ಮೇಲೆ ಬೀಳುವುದು ಮೈತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಮೆಟ್ಟಿಲು ಹತ್ತಿದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಇಳಿದರೆ ಸುಮಾರು ಮೂರೂವರೆ ಪಟ್ಟು. 70 ಕಿಲೋ ತೂಗುವವರು ಒಂದು ಮೆಟ್ಟಿಲು ಇಳಿದರೆ ಮಂಡಿಯ ಖಾತೆಗೆ 240 ಕಿಲೋ ಖರ್ಚು ಬೀಳುತ್ತದೆ. ಜಮೆಯ ಕಡೆಯ ಲೆಕ್ಕವೂ ಇದೆ. ಮಂಡಿಯ ಸಂಧಿವಾತವಿದ್ದ ದಪ್ಪನೆಯ ವಯಸ್ಸಾದವರ ಮೇಲೆ ಅಮೆರಿಕದಲ್ಲಿ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಕಿಲೋ ಇಳಿಸಿಕೊಂಡರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಕಡಿಮೆ. ಇಷ್ಟು ಬಡ್ಡಿ ನಮ್ಮ ಬ್ಯಾಂಕು ಯಾವ ಠೇವಣಿಗೂ ಕೊಟ್ಟಿದ್ದಿಲ್ಲ. ಮಧ್ಯಾಹ್ನದ ಎರಡನೇ ಸಲದ ಅನ್ನ ಬಿಟ್ಟೆ. ಅದರ ವಿವರ ಬೇಡ, ಈಗಲೂ ಸಂಕಟವಾಗುತ್ತದೆ.

ವ್ಯಾಯಾಮ ಅಂತ ಅವಳು ಕೊಟ್ಟದ್ದನ್ನು ನೋಡಿದರೆ ಯಾರಾದರೂ ಇದಕ್ಕೆ ಫೀಸು ಕೊಡಬೇಕಾ ಅನ್ನುತ್ತಿದ್ದರು. ಮಂಚದ ಮೇಲೆ ಕಾಲು ನೀಡಿ, ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಮಂಡಿಯಿಂದ ಒತ್ತಿ ಹಿಡಿಯುವುದು. ನೆಟ್ಟಗಿನ ಕಾಲನ್ನು ಒಂದು ಗೇಣು ಎತ್ತಿ ನಿಧಾನಕ್ಕೆ ಇಳಿಸುವುದು. ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿ ಕೂತು ಏಳುವುದು. ಬಲ ಬಂದಂತೆ ಒಂದು ದಿಂಬು ತೆಗೆಯುವುದು, ಆಮೇಲೆ ಎರಡನ್ನೂ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಹಾಲು ಕಾಯುವಷ್ಟು ಹೊತ್ತು ಒಂಟಿಕಾಲಿನಲ್ಲಿ ನಿಲ್ಲುವುದು. ಈ ಕೊನೆಯದರಿಂದ ಮನೆಯಲ್ಲಿ ಹಾಲು ಉಕ್ಕುವುದು ನಿಂತಿತು. ಒಲೆ ಬಿಟ್ಟು ಎಲ್ಲೂ ಹೋಗುವ ಹಾಗಿರಲಿಲ್ಲವಲ್ಲ. ಚಿಕ್ಕಂದಿನಲ್ಲಿ ಬೀದಿ ತುಂಬ ಕುಂಟೆಬಿಲ್ಲೆ ಆಡಿದವಳು ನಾನು. ಒಂಟಿಕಾಲಿನಲ್ಲಿ ಬಗ್ಗಿ ಬಿಲ್ಲೆ ಎತ್ತಿಕೊಳ್ಳುತ್ತಿದ್ದೆ. ಆ ಆಟವನ್ನು ಹೆಣ್ಣುಮಕ್ಕಳು ದೊಡ್ಡವರಾದ ಕೂಡಲೇ ಯಾಕೆ ಬಿಡಿಸಿದರೋ. ಈಗ ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅನ್ನುತ್ತದೆ.

ಈ ವಯಸ್ಸಿನಲ್ಲಿ ಸ್ನಾಯು ಎಲ್ಲಿ ಬೆಳೆಯುತ್ತೆ ಅಂತ ಯಜಮಾನರು ಪೇಪರಿನ ಹಿಂದಿನಿಂದ ಅಂದಾಗ ಅವರಿಗೊಂದು ಉತ್ತರ ಹುಡುಕಿಟ್ಟುಕೊಂಡಿದ್ದೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ಅವರಲ್ಲಿ 96 ವರ್ಷದವರೂ ಇದ್ದರು. ಪೇಪರು ಕೆಳಗಿಳಿಯಿತು. ಮರುದಿನದಿಂದ ನಮ್ಮ ಮನೆಯಲ್ಲಿ ಹಾಲು ಕಾಯಿಸುವಾಗ ಇಬ್ಬರು ಒಂಟಿಕಾಲಿನಲ್ಲಿ ನಿಲ್ಲುತ್ತಿದ್ದೆವು.

ಇಳಿಯುವ ಪಾಠ ಶುರುವಾದದ್ದು ಮುಂಬಾಗಿಲಿನ ಮೆಟ್ಟಿಲಿನಲ್ಲಿ. ಅದು ಆರು ಅಂಗುಲ ಎತ್ತರ, ಗೃಹಪ್ರವೇಶದ ದಿನದಿಂದ ದಾಟುತ್ತಿದ್ದೇನೆ. ಅದರ ಮೇಲೆ ಬಲಗಾಲಿನಲ್ಲಿ ನಿಂತು, ಎಡ ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ್ದು ನೆಲಕ್ಕೆ ಗೊತ್ತಾಗಬಾರದು, ಮತ್ತೆ ಮೇಲೆ ಬರಬೇಕು. ಮೊದಲ ದಿನಗಳಲ್ಲಿ ಬಾಗಿಲಿನ ಚೌಕಟ್ಟು ಹಿಡಿದು ಅದನ್ನು ಮಾಡುತ್ತಿದ್ದಾಗ ಹಾಲಿನವನು, ತರಕಾರಿಯವಳು, ಎದುರುಮನೆಯವರು ಎಲ್ಲ ನಿಂತು ನೋಡಿದರು. ಏನೋ ಹರಕೆ ಅಂದುಕೊಂಡರು. ಹರಕೆ ಅಂತಲೇ ಬಿಟ್ಟುಬಿಟ್ಟೆ, ಪ್ರಶ್ನೆಗಳು ಕಡಿಮೆಯಾದವು.

ಊರುಗೋಲು ಹಿಡಿಯುವುದನ್ನೂ ಫಿಸಿಯೋ ಹುಡುಗಿಯೇ ಹೇಳಿಕೊಟ್ಟಳು. ನಾಟಕ ಸಿನಿಮಾಗಳಲ್ಲಿ ಕುಂಟುವ ಪಾತ್ರಗಳು ಸಾಮಾನ್ಯವಾಗಿ ನೋವಿರುವ ಕಾಲಿನ ಕಡೆಗೇ ಕೋಲು ಹಿಡಿದಿರುತ್ತವೆ. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಬಲಗಾಲು ನೋವಿದ್ದರೆ ಎಡಗೈಯಲ್ಲಿ ಕೋಲು, ಎರಡೂ ಒಟ್ಟಿಗೆ ಮುಂದೆ. ಮೆಟ್ಟಿಲಿಗೆ ಇನ್ನೊಂದು ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಯಾಕೆಂದರೆ ಇಳಿಯುವಾಗ ದುಡಿಯುವುದು ಕೆಳಗೆ ಹೋದ ಕಾಲಲ್ಲ, ಮೇಲೆ ಉಳಿದದ್ದು.

ಮಧ್ಯದ ತಿಂಗಳುಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಬೆಳಗಿನ ನಡಿಗೆ, ಮೊದಮೊದಲು ಏರಿಯ ತುದಿಯವರೆಗೆ, ಆಮೇಲೆ ಪೂರ್ತಿ ಸುತ್ತು. ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು ನಡೆಯಬೇಕು ಅನ್ನುವುದು ನಿಯಮ. ನನಗೆ ಹಾಡಲು ಯಾವಾಗಲೂ ಬರುವುದಿಲ್ಲವಾದ್ದರಿಂದ ಅರ್ಧ ನಿಯಮವನ್ನಷ್ಟೇ ಪಾಲಿಸಿದೆ. ಡಾಕ್ಟರರಿಗೆ ತೋರಿಸಿ ಬಿಪಿ, ಸಕ್ಕರೆ, ಇಸಿಜಿ ಎಲ್ಲ ನೋಡಿಸಿಕೊಂಡೆ. ವರ್ಷಗಟ್ಟಲೆ ಕೂತಿದ್ದವರು ಇದನ್ನು ಬಿಡಬಾರದು.

ಆಮೇಲೆ ಚಾಮುಂಡಿ ಬೆಟ್ಟ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಮೇಲೆ. ಊರಿನ ನೆಲದಿಂದ ಲೆಕ್ಕ ಹಾಕಿದರೆ ಸುಮಾರು 300 ಮೀಟರು. ಪಾದದಿಂದ ಸಾವಿರದಷ್ಟು ಮೆಟ್ಟಿಲು, ಏಳುನೂರರ ಹತ್ತಿರ ನಂದಿ. ಮೆಟ್ಟಿಲುಗಳೂ ನಂದಿಯೂ ಹದಿನೇಳನೇ ಶತಮಾನದ ದೊಡ್ಡದೇವರಾಜ ಒಡೆಯರ ಕಾಲದವು. ಅವರ ಕಾಲದವರ ಮಂಡಿ ಗಟ್ಟಿಯಿತ್ತು ಅಂತ ಕೆಳಗಿನ ಅರ್ಧ ಹತ್ತಿದರೇ ಗೊತ್ತಾಗುತ್ತದೆ. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಆದರೆ ನನ್ನಂಥವರಿಗೆ ಈ ಬೆಟ್ಟದಷ್ಟು ಅನುಕೂಲದ ಬೆಟ್ಟ ಇನ್ನೊಂದಿಲ್ಲ. ಯಾಕೆಂದರೆ ಮೇಲೆ ಬಸ್ ನಿಲ್ದಾಣವಿದೆ. 201ನೇ ನಂಬರಿನ ಸಿಟಿ ಬಸ್ಸು ಹತ್ತಿದರೆ ಸೀದಾ ಊರು. ಫಿಸಿಯೋ ಹುಡುಗಿಯ ಅಪ್ಪಣೆ ಹಾಗೇ ಇತ್ತು: ಹತ್ತಿ, ಬಸ್ಸಿನಲ್ಲಿ ಇಳೀರಿ. 2023ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಟಿಕೆಟ್ಟೂ ಇಲ್ಲ. ಹತ್ತುವುದು ನನ್ನ ಖರ್ಚು, ಇಳಿಸುವುದು ಸರ್ಕಾರದ ಖರ್ಚು.

ಆಸ್ಟ್ರಿಯಾದ ಸಂಶೋಧಕರೂ ಆಲ್ಪ್ಸ್ ಬೆಟ್ಟದಲ್ಲಿ ಇದನ್ನೇ ಮಾಡಿದ್ದಾರೆ ಅಂತ ತಿಳಿದಾಗ ನನ್ನ ಬಸ್ಸಿಗೆ ಒಂದು ಗೌರವ ಬಂತು. ಜನರನ್ನು ಕೆಲವು ತಿಂಗಳು ಬರೀ ಹತ್ತಿಸಿ ಕೇಬಲ್ ಕಾರಿನಲ್ಲಿ ಇಳಿಸಿದರು, ಇನ್ನು ಕೆಲವು ತಿಂಗಳು ಕೇಬಲ್ ಕಾರಿನಲ್ಲಿ ಹತ್ತಿಸಿ ಬರೀ ಇಳಿಸಿದರು. ಹತ್ತುವುದರಿಂದ ರಕ್ತದ ಕೊಬ್ಬಿಗೆ ಒಳ್ಳೆಯದಾಯಿತು. ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಹೆಚ್ಚಿದ್ದು ಇಳಿದಾಗ. ಓದಿದ ಮೇಲೆ ಫಿಸಿಯೋ ಹುಡುಗಿಯನ್ನು ಕೇಳಿದೆ. "ಈಗ ಇಳೀಬಹುದು ಆಂಟಿ, ಆದರೆ ನಂದಿಯಿಂದ" ಅಂದಳು. ನಂದಿಯವರೆಗೂ ವಾಹನದ ರಸ್ತೆಯಿದೆ. ಅಲ್ಲಿ ವಾಹನದಿಂದ ಇಳಿದು ಸ್ವಲ್ಪ ಸ್ವಲ್ಪವಾಗಿ ಕೆಳಗಿನ ಮೆಟ್ಟಿಲುಗಳನ್ನು ಇಳಿದೆ.

ಮೇಲೆ ಹೋಗುವವರೆಲ್ಲ ನನ್ನ ಮುಖ ನೋಡಿ, ಇವರು ಆಗಲೇ ಹತ್ತಿ ದರ್ಶನ ಮಾಡಿ ಇಳಿಯುತ್ತಿದ್ದಾರೆ ಅಂದುಕೊಂಡು ದಾರಿ ಬಿಡುತ್ತಿದ್ದರು. ನಾನೂ ತಿದ್ದಲಿಲ್ಲ. ಬೆಳಗಿನ ಹೊತ್ತು ಅಲ್ಲಿ ಓಡಿಕೊಂಡು ಹತ್ತುವ ಹುಡುಗರಿದ್ದರು, ಕೈಗಡಿಯಾರದಲ್ಲಿ ನಿಮಿಷ ನೋಡುವವರು. ಆದರೆ ನಾನು ನಿಂತು ನೋಡಿದ್ದು ಅವರನ್ನಲ್ಲ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆಯ ಹೆಂಗಸರನ್ನು. ಒಂದು ಮೆಟ್ಟಿಲಿಗೆ ಬಗ್ಗಬೇಕು, ಹಚ್ಚಬೇಕು, ಏಳಬೇಕು, ಮುಂದಿನದಕ್ಕೆ ಹೋಗಬೇಕು. ಹಾಗೆ ಸಾವಿರ ಸಲ. ಕೈಯಲ್ಲಿ ಬಟ್ಟಲು, ಕಾಲಲ್ಲಿ ಚಪ್ಪಲಿಯಿಲ್ಲ, ಕೆಲವರು ನನ್ನ ವಯಸ್ಸಿನವರೇ. ಜಿಮ್ಮಿನಲ್ಲಿ ಇದಕ್ಕೊಂದು ಹೆಸರಿಟ್ಟು, ಕನ್ನಡಿಯ ಮುಂದೆ ನಿಲ್ಲಿಸಿ, ತಿಂಗಳಿಗಿಷ್ಟು ಅಂತ ವಸೂಲು ಮಾಡುತ್ತಾರೆ.

ಬೂಟಿನ ವಿಷಯದಲ್ಲಿ ಒಂದು ಮಾತು. ಅಂಗಡಿಯ ಹುಡುಗ "ವಾಕಿಂಗಾ ಮೇಡಂ?" ಅಂತ ಮೆತ್ತನೆಯದೊಂದು ತಂದ. ಬೆಟ್ಟಕ್ಕೆ ಅಂದೆ. ನನ್ನ ಹಿಂದೆ ಯಾರಾದರೂ ಮೊಮ್ಮಕ್ಕಳು ಇದ್ದಾರೇನೋ ಅಂತ ನೋಡಿದ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಕಾಲುಚೀಲ ಹಾಕಿಕೊಂಡು ಕೊಳ್ಳಬೇಕು. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಬೆರಳಿಗೆ ಜಾಗವಿಲ್ಲದಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಉಗುರು ಕತ್ತರಿಸಿಕೊಂಡು ಹೋಗಬೇಕು. ಕೋಲು ಎರಡು ಬೇಕು, ಒಂದಲ್ಲ; ಇಳಿಜಾರಿನಲ್ಲಿ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಬೇಕು. ಸರಿಯಾಗಿ ಊರಿದರೆ ಇಳಿಯುವಾಗ ಮಂಡಿಯ ಭಾರ ಕಾಲುಭಾಗದವರೆಗೂ ಕಡಿಮೆಯಾಗುತ್ತದೆಂದು 1999ರಲ್ಲೇ ಅಳೆದಿದ್ದಾರೆ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರು. ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆಯ ಪಕ್ಕದಿಂದ ದಾರಿ. 1792ರಲ್ಲಿ ದೊಡ್ಡವೀರರಾಜೇಂದ್ರ ಕಾಡಿನ ನಡುವೆ ಕಟ್ಟಿಸಿದ ಅರಮನೆ ಅದು. ಅರಮನೆ ಅನ್ನುವುದಕ್ಕಿಂತ ಗಟ್ಟಿಯಾದ ತೊಟ್ಟಿಮನೆ. ಮಳೆಗಾಲ ಮುಗಿದು ಇಂಬಳದ ಕಾಟ ಕಡಿಮೆಯಾದ ಮೇಲೆ, ಅರಣ್ಯ ಇಲಾಖೆಯ ಟಿಕೆಟ್ಟು ತೆಗೆದುಕೊಂಡು ಹೊರಟೆವು. ಅಣ್ಣನ ಮಗಳು, ಅವಳ ಇಬ್ಬರು ಗೆಳತಿಯರು, ನಾನು. ಯಜಮಾನರು ಅರಮನೆಯ ಜಗಲಿಯವರೆಗೆ ಬಂದರು.

ಹತ್ತಿದ್ದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಾಫಿ ತೋಟದ ಪಕ್ಕದ ಕಡಿದಾದ ದಾರಿ, ಆಮೇಲೆ ಹುಲ್ಲುಗಾವಲಿನ ಗುಡ್ಡ, ಕೊನೆಗೆ ಶೋಲಾ ಕಾಡಿನೊಳಗೆ ಬೇರುಗಳನ್ನು ಹಿಡಿದು ಏರುವ ಒಂದು ತುಂಡು. ಹುಡುಗಿಯರು ಮುಂದೆ ಹೋಗಿ ಕೂತು, ನಾನು ಬಂದಮೇಲೆ ಎದ್ದು, ಮತ್ತೆ ಮುಂದೆ ಹೋಗಿ ಕೂರುತ್ತಿದ್ದರು. ತುದಿಯಲ್ಲಿ ಗಾಳಿ ಬಹಳ ಇತ್ತು. ಫೋಟೊ ತೆಗೆದರು. ಚಪಾತಿ, ಕಡಲೆಬೀಜದ ಚಟ್ನಿಪುಡಿ ತಿಂದೆವು. ಸುತ್ತಲಿನ ಬೆಟ್ಟಗಳ ಹೆಸರು ಅವಳು ಹೇಳುತ್ತಿದ್ದಳು, ನನ್ನ ಕಣ್ಣು ಮಾತ್ರ ನಾವು ಬಂದ ದಾರಿಯ ಕಡೆಗೇ ಇತ್ತು.

ಅಲ್ಲಿಂದ ಕೆಳಗೆ ನೋಡಿದಾಗ ದಾರಿ ಎರಡು ಮಾರು ಆಚೆ ಮಾಯವಾಗುತ್ತಿತ್ತು. ಹತ್ತುವಾಗ ಮೂಗಿನ ಮುಂದೆ ನೆಲವಿರುತ್ತದೆ, ಬಿದ್ದರೂ ಕೈಗೆ ಸಿಗುತ್ತದೆ. ಇಳಿಯುವಾಗ ಮುಂದೆ ಬರೀ ಬಯಲು. ಮೊದಲ ಬೇರಿನ ಮೆಟ್ಟಿಲಿನಲ್ಲಿ ನಿಂತು ಕೋಲುಗಳನ್ನು ಕೆಳಗೆ ಊರಿದೆ. ಬಲಗಾಲು ಮೊದಲು. ಎಡಮಂಡಿ ಮಡಿಯಿತು, ಹಿಡಿಯಿತು, ಮೆಲ್ಲಗೆ ಬಿಟ್ಟಿತು. ಎರಡನೆಯದು. ಒಣಗಿದ ಎಲೆಯ ಕೆಳಗೆ ಹಸಿ ಮಣ್ಣು, ಅಲ್ಲಿ ಓರೆಯಾಗಿ ತಿರುಗಿ ಪಾದವನ್ನು ಅಡ್ಡ ಇಟ್ಟೆ. ಒಂದು ಕಡೆ ಬಂಡೆ ಸೊಂಟದೆತ್ತರ, ಹುಡುಗಿಯರು ಹಾರಿದರು. ನಾನು ಕೂತು, ಕೈ ಊರಿ, ಜಾರಿ ಇಳಿದೆ. ಸೀರೆಯಾಗಿದ್ದರೆ ಕಷ್ಟವಿತ್ತು, ಚೂಡಿದಾರಕ್ಕೆ ಹಿಂದೆ ಮಣ್ಣು ಹತ್ತಿತು, ಅಷ್ಟೇ. ಕೂತು ಇಳಿಯುವುದು ನಾಚಿಕೆಯ ವಿಷಯವೇ ಅಲ್ಲ. ಎಷ್ಟೋ ಮಂಡಿಗಳು ಉಳಿಯುವುದು ಅದರಿಂದ.

ಹುಲ್ಲುಗಾವಲಿಗೆ ಬರುವ ಹೊತ್ತಿಗೆ ವಿಚಿತ್ರವೊಂದು ನಡೆಯಿತು. ಹತ್ತುವಾಗ ಎಗರಿಕೊಂಡು ಹೋಗಿದ್ದ ಗೆಳತಿಯರಲ್ಲಿ ಒಬ್ಬಳು ನನಗಿಂತ ಹಿಂದೆ ಬಿದ್ದಳು. ತೊಡೆ ನಡುಗುತ್ತಿದೆ ಆಂಟಿ, ಬ್ರೇಕ್ ಹಿಡೀತಿಲ್ಲ ಅಂದಳು. ಕಂಪ್ಯೂಟರಿನ ಮುಂದೆ ಕೂರುವ ಮಗು, ಆಫೀಸಿನಲ್ಲಿ ಲಿಫ್ಟು, ಮನೆಯಲ್ಲಿ ಲಿಫ್ಟು. ಆ ಕಾಲುಗಳಿಗೆ ಇಳಿಯುವ ಅಭ್ಯಾಸ ಎಲ್ಲಿಂದ ಬರಬೇಕು? ನನ್ನ ಒಂದು ಕೋಲನ್ನು ಅವಳಿಗೆ ಕೊಟ್ಟೆ. ಹೆಜ್ಜೆ ಚಿಕ್ಕದು ಮಾಡು, ಮಂಡಿ ನೆಟ್ಟಗೆ ಮಾಡಬೇಡ, ಪಾದ ಸದ್ದಾಗಬಾರದು ಅಂತ ಹೇಳುತ್ತ, ಒಂದಿಷ್ಟು ದೂರ ಅವಳ ಮುಂದೆ ಇಳಿದೆ. ವಿಂಧ್ಯಗಿರಿಯ ಆ ಹೊರುವವರ ಕಾಲುಗಳು ಕಣ್ಣ ಮುಂದೆ ಇದ್ದವು. ಅರಮನೆ ಮುಟ್ಟುವಾಗ ಬಲಮಂಡಿ ಸ್ವಲ್ಪ ಊದಿತ್ತು. ಐಸು ಇಟ್ಟೆ. ಮರುದಿನ ಎದ್ದಾಗ ನೋವಿತ್ತು, ಕೈ ಊರದೆ ಎದ್ದೆ.

ಬೆಟ್ಟದ ದೇವಸ್ಥಾನಗಳ ಮೆಟ್ಟಿಲು ನೋಡಿಕೊಳ್ಳುವವರಲ್ಲಿ ನನ್ನದೊಂದು ಅರಿಕೆಯಿದೆ. ಕಂಬಿ ಹಾಕಿಸುವಾಗ ದಯವಿಟ್ಟು ಎರಡೂ ಕಡೆ ಹಾಕಿಸಿ. ಹತ್ತುವಾಗ ಎಡಗೈಗೆ ಸಿಕ್ಕ ಕಂಬಿ ಇಳಿಯುವಾಗ ಬಲಗೈಗೆ ಹೋಗುತ್ತದೆ. ಬಲಗಾಲು ಕೆಟ್ಟವರಿಗೆ ಆಸರೆ ಬೇಕಾದದ್ದು ಎಡಗೈಗೆ. ಮಧ್ಯದಲ್ಲೊಂದು ಹಾಕಿಸಿದರೂ ಆಯಿತು, ಎರಡು ದಾರಿಗೂ ಉಪಯೋಗಕ್ಕೆ ಬರುತ್ತದೆ.

ಈಗ ಅಣ್ಣನ ಮಗಳು ಕುಮಾರಪರ್ವತಕ್ಕೆ ಬನ್ನಿ ಅನ್ನುತ್ತಿದ್ದಾಳೆ. 2024ರ ಜನವರಿಯಲ್ಲಿ ಅಲ್ಲಿ ಜನಜಾತ್ರೆಯಾಗಿ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿದ ಮೇಲೆ ಮೊದಲೇ ಟಿಕೆಟ್ಟು ಕಾದಿರಿಸಿ ಹೋಗಬೇಕು. ಎಲ್ಲ ಅವಳೇ ನೋಡಿಕೊಳ್ಳುತ್ತಾಳಂತೆ. "1712 ಮೀಟರು ಅಷ್ಟೇ ಅತ್ತೆ, ತಡಿಯಂಡಮೋಳ್‌ಗಿಂತ ಕಡಿಮೆ." ತುದಿ ಎಷ್ಟು ಎತ್ತರ ಅನ್ನುವುದಲ್ಲ, ಅಲ್ಲಿಂದ ಎಷ್ಟು ಇಳಿಯಬೇಕು ಅನ್ನುವುದು ನನ್ನ ಲೆಕ್ಕ. ಮುಳ್ಳಯ್ಯನಗಿರಿ 1930 ಮೀಟರು, ರಾಜ್ಯದ ಅತಿ ಎತ್ತರದ ತುದಿ, ಆದರೆ ಅಲ್ಲಿ ಕಾರು ತುದಿಯ ಹತ್ತಿರದವರೆಗೆ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ನಾಲ್ಕುನಾಡು ಅರಮನೆ ತಾನೇ ಬೆಟ್ಟದ ಮೇಲಿದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರಿನಲ್ಲಿ. ಕುಮಾರಪರ್ವತದ ತುದಿಯಿಂದ ಅಲ್ಲಿಗೆ ಇಳಿಯಬೇಕಾದದ್ದು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು, ಅಂದರೆ ಚಾಮುಂಡಿ ಬೆಟ್ಟವನ್ನು ಐದು ಸಲ, ನಡುವೆ ಬಸ್ಸಿಲ್ಲದೆ. ನನ್ನ ಮಂಡಿಯಲ್ಲಿ ಅಷ್ಟು ಬಾಕಿ ಇಲ್ಲ. ದಾರಿಯ ನಡುವಿನ ಗಿರಿಗದ್ದೆಯವರೆಗೆ ಬರುತ್ತೇನೆ, ಅಲ್ಲಿಂದ ಮುಂದೆ ನೀವು ಹೋಗಿ ಅಂತ ಅವಳಿಗೆ ಹೇಳಿಯಾಗಿದೆ.